ಟೈಟಸ್‌ನ ಮಾಂಸದ ತೊಲೆ

ನಮ್ಮ ಉತ್ತರದ ಚಳಿನಾಡಿನ ಪೆಲ್ಲಿ ನದಿಗೆ ಸಣ್ಣ ಹಳ್ಳವೊಂದು ಬಂದು ಸೇರುವಲ್ಲಿ, ಪ್ರತಿ ಸೆಪ್ಟೆಂಬರಿನಲ್ಲೂ ನನ್ನ ಚಿಕ್ಕಮ್ಮನ ಮಗ ಟೈಟಸ್ ಡೇರೆ ಹಾಕಿಕೊಂಡು ಒಬ್ಬನೇ ಇರುತ್ತಾನೆ. ಎರಡು ಮರಗಳ ನಡುವೆ ತೊಲೆ ಕಟ್ಟಿ, ಊರಿನ ಬೇಟೆಗಾರರು ತರುವ ಮೂಸ್ ಮಾಂಸವನ್ನು ತೂಗುಹಾಕಿ ಕಾಯುವುದು ಅವನ ಕೆಲಸ. ಜಿಂಕೆಯ ಜಾತಿಯದೇ, ಆದರೆ ಕುದುರೆಗಿಂತ ದೊಡ್ಡ ಪ್ರಾಣಿ ಅದು, ಒಂದು ತೊಡೆ ಎತ್ತಲು ಇಬ್ಬರು ಬೇಕು. ಟೈಟಸ್ ಹಗ್ಗ, ರಾಟೆ ಹಾಕಿ ಒಬ್ಬನೇ ಎತ್ತುತ್ತಾನೆ. ಅರವತ್ತನಾಲ್ಕು ವರ್ಷ, ಮದುವೆಯಾಗಿಲ್ಲ. ಊರವರು ಬರುತ್ತಾರೆ, ಮಾಂಸ ಇಳಿಸುತ್ತಾರೆ, ಚಹಾ ಕುಡಿದು ಹೊರಡುತ್ತಾರೆ. ಆಮೇಲೆ ಅವನಿಗೆ ಕಾಗೆಗಳೇ ಗತಿ.

ನಿಲ್ಲದೆ ಹೋಗುತ್ತಿದ್ದುದು ಒಂದೇ ದೋಣಿ, ಅವನ ಸ್ವಂತ ಅಣ್ಣ ಎಫ್ರೇಮ್‌ನದು. ಇಬ್ಬರಿಗೂ ಮಾತು ನಿಂತು ಹನ್ನೊಂದು ವರ್ಷವಾಗಿತ್ತು.

ಕಾರಣ ಒಂದು ಪ್ಲಾಸ್ಟಿಕ್ ಟಾರ್ಪಾಲು. ಆ ವರ್ಷ ಇಬ್ಬರೂ ಸೇರಿ ಹೊಡೆದಿದ್ದ ಮೂಸ್ ಅನ್ನು ತಮ್ಮನ ಕಾವಲಿಗೆ ಬಿಟ್ಟು ಎಫ್ರೇಮ್ ದೋಣಿ ತರಲು ಹೋಗಿದ್ದ. ಮಳೆ ಬಂತು. ಇನ್ನೂ ಬಿಸಿ ಆರದ ಮಾಂಸಕ್ಕೆ ಟೈಟಸ್ ಟಾರ್ಪಾಲು ಬಿಗಿಯಾಗಿ ಸುತ್ತಿದ. ಮೂರನೆಯ ದಿನ ಬಿಚ್ಚಿದರೆ ತೊಡೆಯ ಕೀಲು ಹಸಿರುಗಟ್ಟಿತ್ತು. ನಮ್ಮಲ್ಲಿ ಮೂಸ್ ಹೊಡೆದವರು ಅದರ ಶ್ವಾಸನಾಳವನ್ನು ಅಲ್ಲೇ ಕೊಂಬೆಗೆ ತೂಗುಹಾಕಬೇಕು. ಗಾಳಿ ಅದರೊಳಗೆ ಹಾದರೆ ಪ್ರಾಣಿ ಮತ್ತೆ ಉಸಿರಾಡುತ್ತದೆ, ಮತ್ತೆ ನಮ್ಮ ಕಡೆ ಬರುತ್ತದೆ. ಟೈಟಸ್ ಕಟ್ಟಿದ್ದ ಆ ನಾಳವನ್ನು ಎಫ್ರೇಮ್ ಕೊಂಬೆಯಿಂದ ಕಿತ್ತುಕೊಂಡ. "ಮಾಂಸ ಕೊಳೆಸಿದವನಿಗೆ ಇದ್ಯಾಕೋ?" ಎಂದ. ಅದೇ ಕೊನೆಯ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ವರ್ಷದಿಂದ ಟೈಟಸ್ ಈ ಹಳ್ಳದ ಬಾಯಲ್ಲಿ ಊರಿನ ಮಾಂಸ ಕಾಯಲು ನಿಂತ. ಅಂದಿನಿಂದ ಒಂದು ತುಂಡೂ ಕೆಟ್ಟಿಲ್ಲ. ಅವನು ಕಾಯುತ್ತಿದ್ದುದು ಅಣ್ಣ ತರುವ ಮಾಂಸಕ್ಕಾಗಿ ಎಂದು ನನಗಂತೂ ಗೊತ್ತಿತ್ತು.

ಈ ವರ್ಷ ಸೆಪ್ಟೆಂಬರಿನಲ್ಲೂ ಬಿಸಿಲು ನಡುಬೇಸಿಗೆಯ ಜುಲೈನಂತೆ ಕಾಯಿತು. ಕೆಲವು ದಿನದ ಮಟ್ಟಿಗೆ ಅಲ್ಲಿಗೆ ಬಂದಿದ್ದ ನಾನು ಪಕ್ಕದ ದಿಬ್ಬದಲ್ಲಿ ಕಾಡುಹಣ್ಣು ಕೀಳುತ್ತಿದ್ದೆ. ಎಫ್ರೇಮ್‌ನ ದೋಣಿ ದಡಕ್ಕೆ ತಿರುಗಿದ್ದು ಕಂಡು ಇಳಿದು ಬಂದೆ. ತುಂಬ ಮಾಂಸ, ಮೇಲೆ ನೊಣ. ಊರು ಇನ್ನೂ ಒಂದೂವರೆ ದಿನದ ದಾರಿ.

"ಅಕ್ಕಾ, ಅವನಿಗೆ ಹೇಳು, ಇದನ್ನ ತೂಗುಹಾಕ್ಬೇಕು ಅಂತ," ಎಂದ. ತಮ್ಮ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದ.

"ಅಕ್ಕಾ, ಇಳಿಸೋಕೆ ಹೇಳು," ಎಂದ ಟೈಟಸ್.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಎಪ್ಪತ್ತೆರಡರ ಕೂಸು ನಾನು.

ಟೈಟಸ್ ತೊಡೆಯ ಕೀಲನ್ನು ಮೂಳೆಯವರೆಗೆ ಸೀಳಿ ಒಳಗಿನ ಬಿಸಿ ಬಿಟ್ಟ. ತುಂಡು ತುಂಡಿಗೆ ತಾಗದಂತೆ, ಹಳ್ಳದ ತಣ್ಣನೆ ಗಾಳಿ ಸುತ್ತಲೂ ಆಡುವಂತೆ ತೂಗುಹಾಕಿದ. ಕೆಳಗೆ ಕೊಳೆತು ಲಡ್ಡಾದ ಮರದ ಹೊಗೆ ಹಾಕಿ ನೊಣ ಓಡಿಸಿದ. ಟಾರ್ಪಾಲನ್ನು ಮಾತ್ರ ಆಳೆತ್ತರ ಮೇಲೆ, ಚಪ್ಪರದ ಹಾಗೆ ಕಟ್ಟಿದ. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಎಫ್ರೇಮ್ ದೋಣಿಯಲ್ಲೇ ಮಲಗಿದ, ದೋಣಿಯಲ್ಲೇ ಉಂಡ.

ನಾಲ್ಕನೆಯ ದಿನ ಬೆಳಿಗ್ಗೆ ಬಂದು ಕೀಲಿನ ಸಂದಿಗೆ ಎರಡು ಬೆರಳು ತೂರಿಸಿದ. ಮೂಸಿದ. ಮತ್ತೊಮ್ಮೆ ಮೂಸಿದ. ಟೈಟಸ್ ಹಗ್ಗ ಹಿಡಿದು ನಿಂತವನು ಉಸಿರು ಬಿಗಿಹಿಡಿದಿದ್ದ.

"ಅಕ್ಕಾ, ಅವನಿಗೆ ಹೇಳು..."

ನನಗೆ ಸಿಟ್ಟು ನೆತ್ತಿಗೇರಿತು. "ನೀನೇ ಹೇಳೋ! ನಾನೇನು ನಿಮ್ಮ ಟಪಾಲು ಡಬ್ಬಿನಾ?"

ಎಫ್ರೇಮ್ ಬೆರಳು ಒರೆಸಿಕೊಂಡ. ದೋಣಿಗೆ ಹೋಗಿ ಪೆಟ್ಟಿಗೆಯಿಂದ ಬಟ್ಟೆಯ ಗಂಟೊಂದನ್ನು ತಂದು ತಮ್ಮನ ಕೈಗಿಟ್ಟ. ಒಳಗಿದ್ದದ್ದು ಅಂದು ಕಿತ್ತ ಅದೇ ಶ್ವಾಸನಾಳ, ಒಣಗಿ ಮರದ ತೊಗಟೆಯಂತಾಗಿತ್ತು. ಅಂದೇ ನದಿಗೆ ಎಸೆದಿದ್ದಾನೆ ಎಂದುಕೊಂಡಿದ್ದೆವು ನಾವು.

ಒಂದು ತುಂಡೂ ಕೆಡದ ಮಾಂಸವನ್ನು ಇಬ್ಬರೂ ಸೇರಿ ದೋಣಿಗೆ ತುಂಬಿದರು. ದೋಣಿ ಹೊರಟಿತು. ಎಫ್ರೇಮ್ ತಿರುಗಿ ನೋಡಲಿಲ್ಲ.

ಟೈಟಸ್ ಆ ನಾಳವನ್ನು ಗಾಳಿ ಬರುವ ದಿಕ್ಕಿನ ಕೊಂಬೆಗೆ ಕಟ್ಟಿದ. ನನ್ನ ಕಣ್ಣು ತುಂಬಿತು.

"ಹನ್ನೊಂದು ವರ್ಷ ಇಟ್ಕೊಂಡಿದ್ನಲ್ಲ ಅಕ್ಕಾ," ಎಂದ.

"ಊರಿಗೆ ಬಾರೋ ನನ್ನ ಜೊತೆ. ಅವನ ಮನೆಗೆ ಹೋಗೋಣ."

"ಕರೀಲಿಲ್ವಲ್ಲ ಅವನು." ಖಾಲಿ ತೊಲೆಯನ್ನು ಒರೆಸತೊಡಗಿದ. "ಉಸಿರು ವಾಪಸ್ ಕೊಟ್ಟ. ತಮ್ಮಾ ಅನ್ನೋಕೆ ಇನ್ನೂ ಹನ್ನೊಂದು ವರ್ಷ ಬೇಕೋ ಏನೋ. ಅಷ್ಟು ದಿನ ನಾನು ಇರ್ತೀನಾ?"