ಇರುವವರಿಗೆ ಒಂದೊಂದು ಪತ್ರೆ

ಮಗ ತೀರಿಕೊಂಡು ಮೂರು ತಿಂಗಳಾದ ಮೇಲೆ ನಮ್ಮ ಮನೆಯ ಅಯ್ಯನವರನ್ನು ಒಂದು ಮಾತು ಕೇಳಿದೆ. ಅಯ್ಯನವರು ನಮ್ಮ ಮನೆತನದ ಜಂಗಮರು. ಮಗ ಹುಟ್ಟಿದಾಗ ಅವನ ಕೊರಳಿಗೆ ಲಿಂಗ ಕಟ್ಟಿದವರು ಅವರೇ. ಇಪ್ಪತ್ತೆಂಟು ವರ್ಷಗಳ ಮೇಲೆ ಅದೇ ಲಿಂಗವನ್ನು ಅವನ ಎಡಗೈಯಲ್ಲಿಟ್ಟು, ಕೂಡಿಸಿ ಮಣ್ಣು ಮಾಡಿಸಿದವರೂ ಅವರೇ.

"ಅಯ್ಯಾರೆ, ಪಕ್ಕದ ಮನಿಯೋರು ವರ್ಷಾ ವರ್ಷಾ ತಿಥಿ ಮಾಡ್ತಾರೆ, ಪಿಂಡ ಇಡ್ತಾರೆ. ನಾನು ನನ್ನ ಮಗನಿಗೆ ಏನು ಮಾಡ್ಲಿ?"

"ಅವನು ಲಿಂಗದಾಗೆ ಕೂಡಿದ, ತಾಯಿ. ನಮ್ಮಾಗೆ ಹೋದೋರಿಗೆ ಬೇಡೋದು ಅಂತ ಇಲ್ಲ."

"ಮತ್ತೆ ನಾನೇನು ಮಾಡ್ಲಿ, ಕೈ ಕಟ್ಕೊಂಡು ಕೂರ್ಲೇನು?"

"ಇರೋರಿಗೆ ಬೇಡ್ಕೋ. ವಾರಕ್ಕೊಂದು ದಿನ. ಅವಸರ ಮಾಡಬ್ಯಾಡ."

ಆ ಮಾತು ನನಗೆ ಆಗ ಸಮಾಧಾನ ಕೊಡಲಿಲ್ಲ. ಹನ್ನೊಂದನೆಯ ದಿನದ ಗಣಾರಾಧನೆ ಮುಗಿಸಿ, ಬಂದವರೆಲ್ಲ ಉಂಡು ಹೋದ ಮೇಲೆ ನಮ್ಮಲ್ಲಿ ಸತ್ತವರಿಗಾಗಿ ಮಾಡುವ ಕೆಲಸ ಏನೂ ಉಳಿಯುವುದಿಲ್ಲ. ಮಗ ಇಲ್ಲೇ ದಾವಣಗೆರೆಯ ಹತ್ತಿಯ ಮಿಲ್ಲಿಗೆ ಹೋಗುತ್ತಿದ್ದವನು. ವಿಷಮಶೀತ ಜ್ವರ ಬಂದು ಒಂಬತ್ತೇ ದಿನದಲ್ಲಿ ಮುಗಿದುಹೋದ. ಬೆಳಗಿನ ಮಿಲ್ಲಿನ ಕೂಗು ಕೇಳಿದರೆ ಅವನ ರೊಟ್ಟಿಯ ಗಂಟು ಕಟ್ಟಲು ನನ್ನ ಕೈ ಈಗಲೂ ಏಳುತ್ತಿತ್ತು. ಆ ಕೈಗೆ ಏನಾದರೂ ಕೆಲಸ ಬೇಕಿತ್ತು. ಹಾಗಾಗಿ ಸೋಮವಾರವನ್ನು ಗೊತ್ತು ಮಾಡಿಕೊಂಡೆ.

ಲಿಂಗಪೂಜೆಯನ್ನು ದಿನಾ ಮಾಡುತ್ತಿದ್ದೆ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ನೀರೆರೆದು, ಒಂದು ಬಿಲ್ವಪತ್ರೆ ಏರಿಸಿ ಮತ್ತೆ ಕೊರಳಿಗೆ ಕಟ್ಟಿಕೊಂಡು ಏಳುವುದು. ಒಲೆಯ ಮೇಲಿಟ್ಟ ಬೇಳೆ ಉಕ್ಕುವುದರೊಳಗೆ ಮುಗಿಯುತ್ತಿತ್ತು. ಸೋಮವಾರ ಮಾತ್ರ ನಮ್ಮವರು ಮಂಡಿಪೇಟೆಯ ಬೆಲ್ಲದ ಅಂಗಡಿಗೆ ಹೋಗುವವರೆಗೆ ಕಾದು, ಒಬ್ಬೊಬ್ಬರಿಗೆ ಒಂದು ಪತ್ರೆಯಂತೆ ಏರಿಸಬೇಕೆಂದುಕೊಂಡೆ. ಇದ್ದವರು ಆರು ಜನ: ನಮ್ಮವರು, ರಾಣೆಬೆನ್ನೂರಿಗೆ ಕೊಟ್ಟ ಮಗಳು, ಅಳಿಯ, ಅವರ ಮಗ, ನನ್ನ ಸೊಸೆ, ಸೊಸೆಯ ಮಗಳು. ಲಿಂಗ ಚಿಕ್ಕದು, ಒಂದೇ ಪತ್ರೆಯಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಒಂದನ್ನಿಟ್ಟು ಅವರಿಗಾಗಿ ಬೇಡಿಕೊಂಡು, ಅದನ್ನು ತಟ್ಟೆಗೆ ಇಳಿಸಿ, ಮುಂದಿನದನ್ನು ಏರಿಸುತ್ತಿದ್ದೆ.

ಮೊದಲ ಸೋಮವಾರ ಅದೂ ಬೇಳೆ ಉಕ್ಕುವುದರೊಳಗೇ ಮುಗಿಯಿತು. "ಚೆನ್ನಾಗಿಡು" ಎಂದು ಆರು ಸಲ ಹೇಳಿದ್ದೆ, ಅಷ್ಟೇ. ಎರಡನೆಯ ಸೋಮವಾರವೂ ಹಾಗೆಯೇ. ಇನ್ನೇನು ಕೇಳಬೇಕೆಂದು ಗೊತ್ತಿರಲಿಲ್ಲ. ಮೂವತ್ತು ವರ್ಷ ಜೊತೆಗಿದ್ದ ಗಂಡನಿಗೆ ಏನು ಬೇಕು ಎಂಬುದು ನನಗೆ ತಿಳಿಯದು. ಅವರನ್ನೇ ಕೇಳಿದೆ.

"ನಿಮಗೋಸ್ಕರ ಏನು ಬೇಡ್ಕೊಳ್ಳಲಿ?"

"ನನ್ನ ಹೆಂಡ್ತಿಗೆ ಸಾರಿಗೆ ಉಪ್ಪು ಸರಿಯಾಗಿ ಹಾಕೋ ಬುದ್ಧಿ ಕೊಡಪ್ಪ ಅಂತ ಬೇಡ್ಕೋ" ಎಂದರು.

ಆದರೆ ಕೇಳಬೇಕೆಂಬ ಮನಸ್ಸಿದ್ದುದರಿಂದ ಆ ವಾರ ಅವರನ್ನು ನೋಡಿದೆ. ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದರು. ಮೊಣಕಾಲು ನೋಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಸೋಮವಾರಕ್ಕೆ ಒಂದು ಮಾತು ಸಿಕ್ಕಿತು. ಮಗಳಿಗೆ ಕಾರ್ಡು ಬರೆದೆ. ತನ್ನ ಅತ್ತೆಯ ಬಾಯಿಯ ಬಗ್ಗೆ ಆಕೆ ಎರಡು ಸಾಲು ಬರೆದಳು, ಅದೂ ಒಂದು ಮಾತಾಯಿತು. ಹೀಗೆ ವಾರವೆಲ್ಲ ಮನೆಯವರನ್ನು ಗಮನಿಸುವುದು, ಸೋಮವಾರ ಕೇಳುವುದು ರೂಢಿಯಾಯಿತು. ಬಾಯಿಬಿಟ್ಟು ಹೇಳದಿದ್ದರೆ ಮನಸ್ಸು ಮಗನ ಕಡೆಗೆ ಹೋಗಿಬಿಡುತ್ತಿತ್ತು. ಅದಕ್ಕಾಗಿ ಎಲ್ಲವನ್ನೂ ಮೆಲ್ಲಗೆ, ಆದರೆ ಕೇಳುವಂತೆ ಹೇಳುತ್ತಿದ್ದೆ.

ಮೊಮ್ಮಗಳು ನನ್ನ ಮಗ್ಗುಲಲ್ಲೇ ಕೂರುತ್ತಿದ್ದಳು. ಅಪ್ಪ ಹೋದಾಗ ಅವಳಿಗೆ ಮೂರು ವರ್ಷ. ಮಗ ತೀರಿಕೊಂಡ ಕೆಲವು ತಿಂಗಳಿಗೆ ಸೊಸೆಯನ್ನು ಅವಳ ಅಣ್ಣ ಹರಿಹರಕ್ಕೆ, ತವರಿಗೆ ಕರೆದುಕೊಂಡು ಹೋದ. ಮಗುವಿಗೆ ಕೆಮ್ಮಿತ್ತು. ಎಂಟು ದಿನ ಬಿಟ್ಟು ಕಳಿಸುತ್ತೇನೆಂದು ಉಳಿಸಿಕೊಂಡೆ. ಕೆಮ್ಮು ಹೋಯಿತು. ಆಮೇಲೆ ಬಿಸಿಲೆಂದೆ, ಆಮೇಲೆ ಮಳೆಯೆಂದೆ, ಆಮೇಲೆ ಶಾಲೆಗೆ ಹಾಕಿದೆವು. ಮಗುವನ್ನು ನೋಡಲು ಸೊಸೆ ಹದಿನೈದು ದಿನಕ್ಕೊಮ್ಮೆ ಭಾನುವಾರದ ಪ್ಯಾಸೆಂಜರ್ ಗಾಡಿಗೆ ಬಂದು ಸೋಮವಾರ ಮಧ್ಯಾಹ್ನ ಹೋಗುತ್ತಿದ್ದಳು. ಆಕೆಯ ಪಾಲಿನ ಪತ್ರೆ ಏರಿಸುವಾಗ "ಸುಖವಾಗಿಡು" ಎನ್ನುವುದಕ್ಕಿಂತ ಹೆಚ್ಚು ನಾನು ಏನೂ ಕೇಳುತ್ತಿರಲಿಲ್ಲ. ಆಕೆಗೆ ಏನು ಬೇಕೆಂದು ಕೇಳಲು ಕಾರ್ಡನ್ನೂ ಬರೆದಿರಲಿಲ್ಲ. ಏನು ಬೇಕೆಂದು ನನಗೆ ಗೊತ್ತಿತ್ತು, ಅದು ನನ್ನ ಮಗ್ಗುಲಲ್ಲಿ ಕೂತಿತ್ತು.

ಒಂದೂವರೆ ವರ್ಷ ಕಳೆದ ಮೇಲೆ ಸೊಸೆಯ ಅಣ್ಣ ಬಂದು ಪಡಸಾಲೆಯಲ್ಲಿ ಕುಳಿತ. ಮಲೆಬೆನ್ನೂರಿನ ಕಡೆಯಿಂದ ಉಡಿಕೆಗೆ ಕೇಳಿದ್ದರು. ಉಡಿಕೆಯೆಂದರೆ ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. ನಮ್ಮ ಜನರಲ್ಲಿ ಹಿಂದಿನಿಂದ ನಡೆದುಬಂದದ್ದು. ಜೊತೆಗೆ ಇನ್ನೊಂದು ಕಟ್ಟೂ ಇದೆ: ಮೊದಲ ಗಂಡನ ಮಕ್ಕಳು ಮೊದಲ ಮನೆಗೆ ಸೇರಿದವರು.

"ಗದ್ದೆ ಐತೆ, ಒಳ್ಳೇ ಮನುಷ್ಯ" ಎಂದ ಅವನು. "ಮೊದಲ್ನೇಕಿ ಹೆರಿಗ್ಯಾಗೆ ಹೋದ್ಲಂತೆ. ಕೂಸು ಕರ್ಕೊಂಡು ಬಂದ್ರೂ ಬ್ಯಾಡ ಅನ್ನಲ್ಲ ಅಂದಾನ್ರಿ."

ನಮ್ಮವರು, "ನಿನ್ನ ತಂಗಿ ಬಾಳ್ವಿ ಮಾಡ್ಲಿ, ನಾವು ಅಡ್ಡ ಬರಲ್ಲ. ಕೂಸು ನಮ್ಮ ಮನೀದು" ಎಂದರು.

"ಬಿಟ್ಟು ಬಾ ಅಂದ್ರೆ ಆಕಿ ಒಲ್ಲೆ ಅಂತಾಳ್ರಿ."

"ಒಲ್ಲೆ ಅಂದ್ರೆ ಬಿಡ್ಲಿ. ಯಾರು ಹಗ್ಗ ಹಾಕಿ ಎಳೀತಾರೆ?"

ನಾನು ಚಹಾ ಕೊಟ್ಟು ಒಳಗೆ ಬಂದೆ. ಯಾವ ಕಡೆಗೂ ಮಾತಾಡಲಿಲ್ಲ. ಆ ಸೋಮವಾರ ಸೊಸೆಯ ಪತ್ರೆ ಏರಿಸಿದಾಗ ನನ್ನ ಬಾಯಿಂದ, "ಆಕಿ ಉಡಿಕಿ ಮಾತು ಮುರೀಲಿ, ಕೂಸು ಇಲ್ಲೇ ಇರ್ಲಿ" ಎಂದು ಬಂತು. ಹೇಳಿದ ಮೇಲೆ ಹೆದರಿಕೆಯಾಯಿತು. ಆದರೆ ಮುಂದಿನ ಸೋಮವಾರವೂ ಹೇಳಿದೆ. ಮಗನನ್ನು ಕೊಟ್ಟಿದ್ದೇನೆ, ಇದೊಂದನ್ನು ಕೇಳುವ ಹಕ್ಕು ನನಗಿದೆ ಎಂದು ನನ್ನ ಲೆಕ್ಕ. ಮಗು ಮಜ್ಜಿಗೆಯನ್ನು ನಿಂತೇ ಕುಡಿಯುತ್ತಿತ್ತು, ಅವನ ಹಾಗೆ. ಮಲಗಿದರೆ ಒಂದು ಕಾಲು ಕಂಬಳಿಯ ಹೊರಗೆ, ಅವನ ಹಾಗೆ. ಅಂಥದನ್ನು ಇನ್ನೊಂದು ಮನೆಗೆ ಹೇಗೆ ಕಳಿಸುವುದು? ಹೀಗೆ ಎಷ್ಟು ಸೋಮವಾರ ಹೇಳಿದೆನೋ ನೆನಪಿಲ್ಲ. ಸೊಸೆ ಮನೆಯಲ್ಲಿರುವ ಸೋಮವಾರ ಆ ಒಂದು ಪತ್ರೆಗೆ ಮಾತ್ರ ತುಟಿ ಅಲ್ಲಾಡಿಸುತ್ತಿದ್ದೆ, ದನಿ ಬಿಡುತ್ತಿರಲಿಲ್ಲ. ಅಷ್ಟು ಜಾಣತನ ನನಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಸೊಸೆ ಜಗುಲಿಯ ಮೇಲೆ ಮಗಳಿಗೆ ತಲೆ ಬಾಚುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ.

"ಅವ್ವಾ, ನಂಗೆ ಪೂಜಿ ಬರ್ತೈತೆ. ನೋಡ್ತಿಯೇನು?"

"ಮಾಡು ನೋಡೋಣ, ದೊಡ್ಡ ಶರಣಿ ಬಂದ್ಲು."

ಮಗು ಎಡಗೈಯ ಮೇಲೆ ಹುಣಸೆಬೀಜ ಇಟ್ಟುಕೊಂಡು, ಅದಕ್ಕೆ ಬೇವಿನ ಎಲೆ ಏರಿಸಿತು.

"ಇದು ಅಜ್ಜಂದು. ಮೊಣಕಾಲು ನೋವು ಇಳೀಲಿ, ಸಿಟ್ಟೂ ಇಳೀಲಿ."

ಸೊಸೆಗೆ ನಗು ಬಂತು.

"ಇದು ರಾಣೆಬೆನ್ನೂರು ಅತ್ತೀದು. ಆಕಿ ಅತ್ತಿ ಬಾಯಿ ಸಣ್ಣದಾಗ್ಲಿ."

ಸೊಸೆ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ಮಗ ಹೋದ ಮೇಲೆ ಆಕೆ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಎದ್ದು ಮಗುವನ್ನು ಕರೆಯಬೇಕೆಂದುಕೊಂಡೆ. ಮೊರ ತೊಡೆಯ ಮೇಲಿತ್ತು.

"ಇದು ಹರಿಹರದ ಅವ್ವಂದು, ನಿಂದು. ಆಕಿ ಉಡಿಕಿ ಮಾತು ಮುರೀಲಿ, ಕೂಸು ಇಲ್ಲೇ ಇರ್ಲಿ."

ಮಗು ತಾಯಿಯ ಮುಖವನ್ನು ನೋಡಿತು, ಶಹಬ್ಬಾಸ್ ಅನ್ನುವಳೆಂದು. ಸೊಸೆ ಬಾಚಣಿಗೆ ಕೆಳಗಿಡಲಿಲ್ಲ. ಜಡೆಯನ್ನು ಕೊನೆಯವರೆಗೆ ಹೆಣೆದು, ಟೇಪು ಕಟ್ಟಿದಳು.

"ಚೆಂದ ಕಲಿಸೀರಿ ಅತ್ತಿ. ಒಂದಕ್ಷರ ತಪ್ಪಲ್ಲ" ಎಂದಳು, ನನ್ನ ಕಡೆ ತಿರುಗದೆ. ಆ ದಿನ ಉಳಿಯಲಿಲ್ಲ. ಸಂಜೆಯ ಗಾಡಿಗೇ ಹರಿಹರಕ್ಕೆ ಹೋದಳು.

ವಾರದೊಳಗೆ ಅವಳ ಅಣ್ಣ ಮತ್ತೆ ಬಂದ. ತಂಗಿ ಒಪ್ಪಿದಳಂತೆ. ಮಗು ದಾವಣಗೆರೆಯಲ್ಲೇ ಇರಲಿ ಎಂದಳಂತೆ. "ಕೂಸೇ ನನ್ನ ಬ್ಯಾಡ ಅಂತ ದೇವ್ರಿಗೆ ಹೇಳಾಕತ್ತೈತೆ, ನಾನ್ಯಾಕ ಎಳೀಲಿ ಅಂದ್ಲು" ಎಂದು ಹೇಳಿ ಅವನು ಎದ್ದು ಹೋದ. ನಮ್ಮವರು, "ಚಲೋ ಆತು, ಜಗಳ ಹರೀತು" ಎಂದು ಎಲೆ ಅಡಿಕೆ ಹಾಕಿಕೊಂಡರು.

ಮಗು ನನ್ನ ಬಳಿಯೇ ಉಳಿಯಿತು. ಅದಾದ ಸೋಮವಾರ ಮಣೆ ಹಾಕಿಕೊಂಡು ಕೂತೆ. ಮಗು ಹುಣಸೆಬೀಜ ಹಿಡಿದು ಪಕ್ಕದಲ್ಲಿ ಕೂತು ನನ್ನ ಬಾಯಿಯನ್ನೇ ನೋಡುತ್ತಿತ್ತು. ಬಾಯಿ ತೆರೆಯಲು ಆಗಲಿಲ್ಲ. ತಾಯಿಯ ವಿರುದ್ಧ ಬೇಡುವುದನ್ನು ಐದು ವರ್ಷದ ಮಗುವಿಗೆ ಕಲಿಸಿದವಳು ನಾನು. ಯಾರೂ ನನ್ನನ್ನು ಬೈದಿರಲಿಲ್ಲ. ಅದೇ ಕಷ್ಟವಾಗಿತ್ತು.

ಮಧ್ಯಾಹ್ನ ನಮ್ಮವರು ಊಟಕ್ಕೆ ಬಂದಾಗ ಎಲ್ಲವನ್ನೂ ಹೇಳಿದೆ.

"ಬೇಡಿದ್ರೆ ತಪ್ಪೇನು? ಮಗನ ಕೂಸು" ಎಂದರು.

"ಮಗ ಇದ್ದಿದ್ರೆ ಹಿಂಗೆ ಬೇಡ್ತಿದ್ನೇನು?"

ಅವರು ತಟ್ಟೆ ಸರಿಸಿದರು. "ನಿನ್ನ ಪೂಜಿಯಿಂದ ಇದ್ದೊಂದು ಕೂಸೂ ಹೋಗ್ತೈತೆ ನೋಡು. ಕಳಿಸೋದಾದ್ರೆ ನೀನೇ ಕಳಿಸು. ನಾನು ಸ್ಟೇಷನ್ನಿಗೂ ಬರಲ್ಲ" ಎಂದು ಕೈ ತೊಳೆದರು. ಅನ್ನ ಹಾಗೇ ಇತ್ತು.

ಮರುದಿನ ಮಗುವಿನ ಲಂಗಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದೆ. ಹರಿಹರ ಬರುವವರೆಗೆ ಮಗು ಕಿಟಕಿಯಲ್ಲಿ ಹೊಲದ ಎಮ್ಮೆಗಳನ್ನು ಎಣಿಸಿತು. ಸೊಸೆಯ ತವರು ಹೊಳೆಗೆ ಹೋಗುವ ದಾರಿಯಲ್ಲಿ. ಬಾಗಿಲಲ್ಲೇ ಅವಳ ಅತ್ತಿಗೆ ಸಿಕ್ಕಳು.

"ಬರ್ರಿ ಬೀಗ್ತೇರೆ, ಕೂಡ್ರಿ. ಇಲ್ಲೇನು ಬೇಡ್ಕೊಳ್ಳಾಕ ಬಂದೀರಿ?"

ಆ ಮಾತು ನನಗೆ ಸಲ್ಲಬೇಕಾದದ್ದೇ. ಕೂರಲಿಲ್ಲ. ಸೊಸೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹೋಗಿ ಒಗೆಯುವ ಕಲ್ಲಿನ ಪಕ್ಕ ನಿಂತೆ.

"ಕೂಸಿನ್ನ ಕರ್ಕೊಂಡು ಹೋಗವ್ವ. ನಿನ್ನ ಸಂಗಾಟ ಇರ್ಲಿ."

"ಮಾವಾರು?"

"ಅವರಿಗೆ ನಾನು ಹೇಳ್ಕೊಂತೀನಿ."

"ಕೂಸಿಗೆ ಏನು ಹೇಳ್ತೀರಿ? ನನ್ನ ಬ್ಯಾಡ ಅಂತೈತೆ ಈಗ."

"ಅದು ಬೇಡಿದ್ದು ನನ್ನ ಮಾತು. ಅದರ ಮಾತಲ್ಲ."

ಸೊಸೆ ಒದ್ದೆ ಸೀರೆ ಹಿಂಡುತ್ತಲೇ ಇದ್ದಳು. ನೀರು ಬರುವುದು ನಿಂತ ಮೇಲೂ ಹಿಂಡಿದಳು. "ನೀವು ನನ್ನ ಸಾಯ್ಲಿ ಅಂತ ಬೇಡಿದ್ರೂ ನಂಗೆ ಇಷ್ಟು ನೋವಾಗ್ತಿರಲಿಲ್ಲ ಅತ್ತಿ. ಕೂಸಿನ ಬಾಯಾಗೆ ಅದನ್ನ ಹಾಕಬಾರದಿತ್ತು" ಎಂದಳು. ಕ್ಷಮಿಸು ಎಂದು ಹೇಳುವುದು ನಮ್ಮ ಮನೆಗಳಲ್ಲಿ ರೂಢಿಯಿಲ್ಲ, ಅತ್ತೆಯಾದವಳು ಸೊಸೆಗೆ ಹೇಳುವುದಂತೂ ಇಲ್ಲವೇ ಇಲ್ಲ. ಅವತ್ತು ಹೇಳಬೇಕಿತ್ತು. ಹೇಳಲಿಲ್ಲ.

ನಾನು ಹೊರಟಾಗ ಮಗು ಸೆರಗು ಹಿಡಿದುಕೊಂಡಿತು.

"ನಾನು ದಿನಾ ಬೇಡ್ಕೊಂಡೀನಲ್ಲ ಅಜ್ಜಿ. ಮತ್ತೆ ಯಾಕ ಬಿಟ್ಟು ಹೋಗ್ತಿ?"

ಸೊಸೆ ಬಂದು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನಾನು ಸ್ಟೇಷನ್ನಿನ ದಾರಿ ಹಿಡಿದೆ.

ಉಡಿಕೆ ಆಯಿತು. ತಾಯಿ ಮಗಳು ಮಲೆಬೆನ್ನೂರಿನ ಮನೆಗೆ ಹೋದರು. ನಮ್ಮವರು ನನ್ನೊಂದಿಗೆ ಸರಿಯಾಗಿ ಮಾತಾಡಲು ದೀಪಾವಳಿ ಕಳೆಯಬೇಕಾಯಿತು. ಸೋಮವಾರ ಬಿಡಲಿಲ್ಲ ನಾನು. ಈಗ ಏಳು ಜನ, ಆ ಮನುಷ್ಯನನ್ನೂ ಸೇರಿಸಿದ್ದೇನೆ. ಒಂದೇ ಸಲ ನೋಡಿದವನು, ಕೈ ಮುಗಿದು ದೂರ ನಿಂತಿದ್ದ. ಅವನಿಗೆ ಒಳ್ಳೆಯದಾಗಲಿ ಎಂದರೆ ಮಗನ ಜಾಗಕ್ಕೆ ಅವನನ್ನು ನಾನೇ ಕೂಡಿಸಿದಂತೆ ಆಗುತ್ತದೆ. ಕೆಲವು ವಾರ ಹೇಳಲು ಆಗುತ್ತದೆ. ಕೆಲವು ವಾರ ಸುಮ್ಮನೆ ಕೂತು ಏಳುತ್ತೇನೆ. ಯಾರಿಗಾಗಿ ಬೇಡಿದರೂ ಈಗ ದನಿ ಬಿಡುವುದಿಲ್ಲ.

ಬೇಸಿಗೆ ರಜೆಯಲ್ಲಿ ಸೊಸೆ ಮಗುವನ್ನು ಹತ್ತು ದಿನಕ್ಕೆ ಕಳಿಸಿದಳು. ಅಷ್ಟಾದರೂ ನನ್ನನ್ನು ನಂಬಿದಳು. ಮಗು ಎತ್ತರವಾಗಿತ್ತು. ಅಲ್ಲಿಯ ಎಮ್ಮೆಯ ಕಥೆ, ಗದ್ದೆಯ ಏಡಿಯ ಕಥೆ ಹೇಳಿತು. ತಾಯಿಯ ಹೊಸ ಗಂಡನನ್ನು "ಅಪ್ಪ" ಎಂದು ಕರೆಯಿತು. ನಮ್ಮವರು ಎದ್ದು ಅಂಗಡಿಗೆ ಹೋದರು.

ಸೋಮವಾರ ನಾನು ಮಣೆ ಹಾಕಿದೆ. ಮಗು ಹೊಸ್ತಿಲ ತನಕ ಬಂತು, ನನ್ನ ಅಂಗೈ ನೋಡಿತು, ಒಳಗೆ ಕಾಲಿಡಲಿಲ್ಲ.

"ಬಾರವ್ವ."

"ಒಲ್ಲೆ. ನಾನು ಬೇಡಿದ್ರೆ ಚಲೋ ಆಗಲ್ಲ."

ಹೀಗೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಾರರು. ತಾನೇ ಯೋಚಿಸಿ ಗೊತ್ತುಮಾಡಿಕೊಂಡಿತ್ತು. ಅಲ್ಲ ಮಗಾ, ತಪ್ಪು ನನ್ನದು ಎಂದು ಹೇಳಲು ನಾನು ಏಳುವಷ್ಟರಲ್ಲಿ ಅದು ಹಿತ್ತಲಿಗೆ ಓಡಿತ್ತು. ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು, ಪೂಜೆಯನ್ನು ಅರ್ಧಕ್ಕೇ ಬಿಟ್ಟು, ಹಿಂದೆಯೇ ಹೋದೆ. ನೀರಿನ ಹಂಡೆಯ ಪಕ್ಕ ಕೂತಿತ್ತು. ನಾನೂ ನೆಲದ ಮೇಲೆ ಕೂತು, ಸೊಸೆಗೆ ಹೇಳದೆ ಉಳಿದ ಮಾತನ್ನು ಅದಕ್ಕೆ ಹೇಳಿದೆ. ಅದು ಕೇಳಿಸಿಕೊಂಡಿತೋ ಇಲ್ಲವೋ ನನಗೆ ತಿಳಿಯಲಿಲ್ಲ.