ಅಪ್ಪ ಪಾಸು ಮಾಡದ ಜಾಹೀರಾತು

ಕಂಪ್ಯೂಟರಿನಲ್ಲಿ ಬರುವ ಜಾಹೀರಾತಿನ ಮಾತು ಬಂದಾಗ ಯಾರಾದರೂ "ಅಯ್ಯೋ, ಮೂಲೇಲಿ ಇಂಟು ಗುರುತು ಒತ್ತಿದ್ರೆ ಆಯ್ತು, ಅದಕ್ಕ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಿ" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಅಮ್ಮನಿಗೆ ಎಡಗಣ್ಣು ಕಾಣುವುದಿಲ್ಲ. ಬಲಗಣ್ಣು ಅರ್ಧ ಕಾಣುತ್ತದೆ. ಅದು ಒಂದು ಜಾಹೀರಾತಿನಿಂದ ಹೋದದ್ದು. ಹಾಗೆಂದರೆ ಜನ ನಂಬುವುದಿಲ್ಲ, ಒಂದು ಥರ ನಗುತ್ತಾರೆ. ಅದಕ್ಕೇ ಮೊದಲಿಂದ ಹೇಳುತ್ತೇನೆ.

ಅಪ್ಪ ಮೈಸೂರಿನ ಒಂದು ದಿನಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ಗುಮಾಸ್ತರಾಗಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ನಿವೃತ್ತರಾಗುವವರೆಗೂ ಅದೇ ಕೌಂಟರು, ಅದೇ ಮರದ ಕುರ್ಚಿ. ಮನೆ ಬಾಡಿಗೆಗಿದೆ, ವಧು ಬೇಕಾಗಿದೆ, ದಾಖಲೆ ಕಳೆದುಹೋಗಿದೆ, ಶ್ರದ್ಧಾಂಜಲಿ, ಯಾವುದೇ ಆಗಲಿ ಅಪ್ಪನ ಕೈ ದಾಟಿಯೇ ಅಚ್ಚಿಗೆ ಹೋಗಬೇಕು. ತಂದವರನ್ನು ಎದುರಿಗೆ ಕೂರಿಸಿಕೊಂಡು, ಚೀಟಿಯನ್ನು ಎರಡು ಸಲ ಓದಿ, ಪ್ರಶ್ನೆ ಕೇಳಿ, ಸರಿ ಅನ್ನಿಸಿದರೆ ಮೂಲೆಯಲ್ಲಿ ಹಸಿರು ಇಂಕಿನ ಸಹಿ ಹಾಕುತ್ತಿದ್ದರು. ಅದಕ್ಕೆ ಅವರು 'ಪಾಸು ಮಾಡೋದು' ಎನ್ನುತ್ತಿದ್ದರು. ಅನ್ನಿಸದಿದ್ದರೆ ಯಾರ ಶಿಫಾರಸು ಬಂದರೂ ಅಷ್ಟೇ, ಚೀಟಿ ವಾಪಸ್.

ಕಾಲೇಜು ಮುಗಿಸಿ ಬರುವಾಗ ನಾನು ಕೆಲವೊಮ್ಮೆ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಒಂದು ದಿನ ಒಬ್ಬ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ತಂದ. ಅಪ್ಪ ಅವನ ತಲೆ ನೋಡಿದರು. ಬಟ್ಟ ಬೋಳು. "ಸ್ವಾಮಿ, ನೀವು ಮೊದ್ಲು ಹಚ್ಕೊಳಿ. ಕೂದ್ಲು ಬಂದ್ಮೇಲೆ ಬನ್ನಿ, ನಾನೇ ಮೊದಲ್ನೇ ಪುಟದಲ್ಲಿ ಹಾಕಿಸ್ತೀನಿ" ಎಂದರು. ಇನ್ನೊಂದು ಸಲ ಒಬ್ಬ ತನ್ನ ಅಣ್ಣ ತೀರಿಕೊಂಡರೆಂದು ಫೋಟೋ ಸಮೇತ ಶ್ರದ್ಧಾಂಜಲಿ ತಂದಿದ್ದ. ಅವನ ಮುಖದಲ್ಲಿ ಅಪ್ಪನಿಗೆ ಏನು ಕಂಡಿತೋ, "ನಾಳೆ ಬನ್ನಿ" ಎಂದು ಕಳಿಸಿ, ಸಂಜೆ ಸೈಕಲ್ ಹತ್ತಿ ಚೀಟಿಯಲ್ಲಿದ್ದ ಯಾದವಗಿರಿಯ ವಿಳಾಸಕ್ಕೆ ಹೋದರು. ಸತ್ತವರು ಕಾಂಪೌಂಡಿನೊಳಗೆ ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದರಂತೆ. ಅಣ್ಣತಮ್ಮಂದಿರಿಗೆ ಮನೆಯ ವಿಷಯದಲ್ಲಿ ಜಗಳವಿತ್ತು. ಅಪ್ಪ ಆ ಅಣ್ಣನಿಗೆ ನಿಜ ಹೇಳಲಿಲ್ಲ. "ವಿಳಾಸ ತಪ್ಪಾಯ್ತು" ಎಂದು ಅವರು ಕೊಟ್ಟ ಕಾಫಿ ಕುಡಿದು ಬಂದರು. ಈ ಕತೆಯನ್ನು ಅಮ್ಮ ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಹೇಳದ ಮನೆಯಿಲ್ಲ. ಗಂಡನ ಬಗ್ಗೆ ಅವಳಿಗೆ ಅಷ್ಟು ಜಂಬ.

ಅಪ್ಪನನ್ನು ಇಂಟರ್ನೆಟ್ಟಿನ ಮುಂದೆ ಮೊದಲು ಕೂರಿಸಿದ್ದು ನಾನೇ, ಬೀದಿ ತುದಿಯ ಸೈಬರ್ ಸೆಂಟರಿನಲ್ಲಿ. ಅತ್ತೆಯ ಮಗಳ ಪಿಯುಸಿ ಫಲಿತಾಂಶ ನೋಡಬೇಕಿತ್ತು. ನಂಬರು ಹೊಡೆದಿದ್ದೇ ತಡ, ಒಂದರ ಮೇಲೊಂದು ಕಿಟಕಿ ತೆರೆದುಕೊಂಡವು. ಒಂದು ಮುಚ್ಚಿದರೆ ಮೂರು. ಕೊನೆಗೆ ಬಂದದ್ದು ಬಟ್ಟೆಯಿಲ್ಲದ ಹುಡುಗಿಯ ಚಿತ್ರ. ಪಕ್ಕದ ಕುರ್ಚಿಯವನು ಕತ್ತು ಉದ್ದ ಮಾಡಿ ನೋಡಿದ. ಅಪ್ಪನ ಪಕ್ಕ ಕೂತು ಅದನ್ನು ನೋಡಬೇಕಾಯಿತಲ್ಲ ಎಂದು ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ಅಪ್ಪನಿಗೆ ನಾಚಿಕೆಗಿಂತ ಆಶ್ಚರ್ಯ ಹೆಚ್ಚಾಗಿತ್ತು.

"ಇದನ್ನ ಪಾಸ್ ಮಾಡಿದ್ಯಾರಮ್ಮ?" ಎಂದು ಕೇಳಿದರು.

"ಯಾರೂ ಮಾಡಲ್ಲ ಅಪ್ಪ. ತಾನಾಗೇ ಬರುತ್ತೆ."

"ತಾನಾಗೇ ಹೆಂಗ್ ಬರುತ್ತೆ? ಒಬ್ಬ ಓದಿರ್ಲೇಬೇಕು. ಇದು ಯಾವ್ದೋ ಕೆಟ್ಟ ಪ್ರೆಸ್ಸು, ಅಷ್ಟೇ."

ನಾನು ವಾದ ಮಾಡಲಿಲ್ಲ. ಅಂದೇ ಕೂತು ಬಿಡಿಸಿ ಹೇಳಬೇಕಿತ್ತು. ಕೌಂಟರೇ ಇಲ್ಲದ ಜಾಹೀರಾತು ಇರಬಹುದು ಎಂಬುದು ಅವರ ತಲೆಗೆ ಹೋಗಲೇ ಇಲ್ಲ. ಒಳ್ಳೆ ಪೇಪರು, ಕೆಟ್ಟ ಪೇಪರು ಎಂಬ ಎರಡೇ ಜಾತಿ ಅವರಿಗೆ ಗೊತ್ತಿದ್ದದ್ದು.

ನನಗೆ ಕಾಲೇಜು ಲೈಬ್ರರಿಯಲ್ಲಿ ಕೆಲಸ ಸಿಕ್ಕಿ ಕೆಲವು ವರ್ಷಗಳಾದ ಮೇಲೆ ಮನೆಗೆ ಕಂಪ್ಯೂಟರ್ ಬಂತು. ಆಡ್ ಬ್ಲಾಕರ್ ಎಂಬುದೊಂದಿದೆ ಎಂದು ತೋರಿಸಿದ್ದು ಲೈಬ್ರರಿಯ ಸಹೋದ್ಯೋಗಿ. ಅದನ್ನು ಹಾಕಿದರೆ ಪುಟದಲ್ಲಿನ ಜಾಹೀರಾತುಗಳೆಲ್ಲ ಮಾಯ. ಮನೆಯ ಕಂಪ್ಯೂಟರಿಗೂ ಹಾಕಿದೆ. ಅಪ್ಪ ದಿನಾ ಬೆಳಗ್ಗೆ ತಿಂಡಿಯಾದ ಮೇಲೆ ಒಂದು ಕನ್ನಡ ಸುದ್ದಿಯ ಪುಟ ಓದುತ್ತಿದ್ದರು. ಎರಡೇ ದಿನಕ್ಕೆ ಕಂಡುಹಿಡಿದರು.

"ಇಲ್ಲೆಲ್ಲ ಖಾಲಿ ಜಾಗ ಇದೆಯಲ್ಲ, ಜಾಹೀರಾತು ಏನಾಯ್ತು?"

"ಬರ್ದೇ ಇರೋ ಹಾಗೆ ಮಾಡಿದೀನಿ."

ಅಪ್ಪ ಕನ್ನಡಕ ತೆಗೆದರು. ಅವರಿಗೆ ಕೋಪ ಬಂದರೆ ಮೊದಲು ಕನ್ನಡಕ ತೆಗೆಯುತ್ತಾರೆ. "ಸುದ್ದಿ ಬಿಟ್ಟಿ ಓದ್ತೀಯ, ಅವರ ಜಾಹೀರಾತು ಮಾತ್ರ ಬೇಡ್ವಾ? ಅಲ್ಲಿ ಕೂತು ಬರೆಯೋನಿಗೆ ಸಂಬಳ ಎಲ್ಲಿಂದ ಬರುತ್ತೆ? ನೀನು ಓದಿದ್ದು, ಈ ಮನೆ ಎದ್ದಿದ್ದು ಎಲ್ಲಾ ಜಾಹೀರಾತಿನಿಂದ ಕಣಮ್ಮ. ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕ್ಬೇಡ. ತೆಗಿ ಅದನ್ನ."

ಅಡುಗೆಮನೆಯಿಂದ ಅಮ್ಮನೂ "ತೆಗ್ದ್ಬುಡೇ, ಅವರಿಗೆ ಯಾಕೆ ಬೇಜಾರು ಮಾಡ್ತೀಯ" ಎಂದಳು. ತೆಗೆದೆ. ಅಪ್ಪನ ಮಾತಿನಲ್ಲಿ ಹುರುಳಿದೆ ಎಂದು ಅವತ್ತು ನನಗೂ ಅನ್ನಿಸಿತ್ತು. ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ, ಹಾಗನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಆಗಲೇ ಹತ್ತು ವರ್ಷ ದಾಟಿತ್ತು. ಕಣ್ಣಿನ ಡಾಕ್ಟರು ಹಿಂದಿನ ವರ್ಷವೇ ಹೇಳಿದ್ದರು: ಕಣ್ಣಿನೊಳಗಿನ ರಕ್ತನಾಳಗಳು ದುರ್ಬಲವಾಗಿವೆ, ಮಾತ್ರೆ ಒಂದು ದಿನವೂ ತಪ್ಪಿಸಬೇಡಿ, ಸಕ್ಕರೆ ಏರಿದರೆ ದೃಷ್ಟಿ ಹೋಗುತ್ತದೆ. ಅಮ್ಮನಿಗೆ ಕಣ್ಣೆಂದರೆ ಬರೀ ಕಣ್ಣಲ್ಲ. ಅವಳು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಮದುವೆ ಕಾಲದಲ್ಲಿ ಕುವೆಂಪುನಗರ, ವಿಜಯನಗರದಿಂದೆಲ್ಲ ಸೀರೆಗಳು ಬರುತ್ತಿದ್ದವು. ಊಟವಾದ ಮೇಲೆ ಹಜಾರದ ಕಿಟಕಿಯ ಬಳಿ ಕೂತು, ರೇಷ್ಮೆ ದಾರವನ್ನು ಬೆರಳಿಗೆ ಸುತ್ತಿ, ಮಣಿ ಪೋಣಿಸಿ ಗಂಟು ಹಾಕುತ್ತಾ ಕೂತರೆ ಅವಳಿಗೆ ಪ್ರಪಂಚವೇ ಬೇಡ. ಆ ಕಣ್ಣು ಉಳಿಯಬೇಕು ಎಂಬುದೇ ನಮ್ಮ ಮನೆಯ ದೊಡ್ಡ ಚಿಂತೆಯಾಗಿತ್ತು. ಅಪ್ಪನಿಗೆ ನನಗಿಂತಲೂ ಹೆಚ್ಚು.

ಅದೇ ಚಿಂತೆಯೇ ಅವರಿಂದ ಆ ಜಾಹೀರಾತನ್ನು ಒತ್ತಿಸಿತು. ಅವರು ದಿನಾ ಓದುವ ಸುದ್ದಿಯ ಪಕ್ಕದಲ್ಲೇ ಅದು ಬಂದಿತ್ತು. ನಗುವ ವಯಸ್ಸಾದ ಗಂಡ ಹೆಂಡತಿ, ಕುತ್ತಿಗೆಗೆ ಸ್ಟೆತಾಸ್ಕೋಪ್ ಹಾಕಿಕೊಂಡ ಒಬ್ಬ, ಕೆಳಗೆ 'ಸಕ್ಕರೆ ಕಾಯಿಲೆಗೆ ಶಾಶ್ವತ ಪರಿಹಾರ'. ಅದು ಕೇಳಿದ ಕಡೆ ಅಪ್ಪ ಮನೆಯ ಫೋನ್ ನಂಬರು ತುಂಬಿದರು. ಮಾರನೇ ದಿನ ಒಬ್ಬ ಹೆಂಗಸು ಫೋನ್ ಮಾಡಿ, 'ಸರ್' 'ಸರ್' ಎಂದು ಬಹಳ ಮರ್ಯಾದೆಯಿಂದ ಮಾತಾಡಿದಳಂತೆ. ವಾರದಲ್ಲಿ ಪೋಸ್ಟ್‌ಮ್ಯಾನ್, ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ವಿ.ಪಿ.ಪಿ. ಪಾರ್ಸೆಲ್ ತಂದುಕೊಟ್ಟ. ಒಳಗೆ ಹಸಿರು ಪುಡಿಯ ಡಬ್ಬಿಗಳು, ಒಂದು ಹಾಳೆ. ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಈ ಔಷಧಿ ಕೆಲಸ ಮಾಡಬೇಕಾದರೆ ಇಂಗ್ಲಿಷ್ ಮಾತ್ರೆ ನಿಲ್ಲಿಸಬೇಕು.

ಡಬ್ಬಿ ನಾನೂ ನೋಡಿದ್ದೆ. "ಏನಿದು?" ಎಂದರೆ ಅಮ್ಮ "ಆಯುರ್ವೇದ ಕಣೆ, ನಿಮ್ಮಪ್ಪ ತರಿಸಿದಾರೆ" ಎಂದಳು. ಮಾತ್ರೆಯ ಜೊತೆಗೆ ತಗೊಳ್ಳುತ್ತಾಳೆ ಎಂದುಕೊಂಡು ಸುಮ್ಮನಾದೆ. ಹಾಳೆ ತಿರುಗಿಸಿ ಓದುವ ವ್ಯವಧಾನ ಲೈಬ್ರರಿಯಲ್ಲಿ ದಿನವಿಡೀ ಪುಸ್ತಕ ಎಣಿಸುವ ನನಗೆ ಇರಲಿಲ್ಲ.

ಮೂರು ತಿಂಗಳಾಗಿರಬೇಕು. ಎದುರುಮನೆಯವರ ಮಗಳ ಧಾರೆ ಸೀರೆ ಬಂದಿತ್ತು, ಅರಿಶಿನ ಬಣ್ಣಕ್ಕೆ ಕೆಂಪು ಅಂಚು. ಅಮ್ಮ ಕುಚ್ಚು ಕಟ್ಟಿಕೊಟ್ಟ ಮೇಲೆ ಅವರು ಅದನ್ನು ವಾಪಸ್ ತಂದು, ಸಂಕೋಚದಿಂದ "ಯಾಕೋ ಅರ್ಧಕ್ಕೆ ಕಂದು ಬಣ್ಣದ ದಾರ ಬಂದ್ಬುಟ್ಟಿದೆ ಕಣ್ರೀ" ಎಂದರು. ಅಮ್ಮ ಸೀರೆಯನ್ನು ಕಿಟಕಿಗೆ ಹಿಡಿದು ನೋಡಿದಳು, ಹೊರಗೆ ಜಗಲಿಗೆ ತಂದು ನೋಡಿದಳು. "ಎರಡೂ ಒಂದೇ ಅಲ್ವೇನೆ?" ಎಂದು ನನ್ನನ್ನು ಕೇಳಿದಳು. ಮಟಮಟ ಮಧ್ಯಾಹ್ನ. ಆ ಸಂಜೆಯೇ ಮೂವರೂ ಕಣ್ಣಿನ ಡಾಕ್ಟರ ಹತ್ತಿರ ಹೋದೆವು.

ಕಣ್ಣಿನೊಳಗೆ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಸಕ್ಕರೆ ಎಷ್ಟಿದೆ ಎಂದು ನೋಡಿ "ಮಾತ್ರೆ ತಗೊಳ್ತಿದ್ದೀರಾ?" ಎಂದು ಕೇಳಿದಾಗ ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಜೇಬಿನಿಂದ ಆ ಹಾಳೆ ತೆಗೆದು ಕೊಟ್ಟರು. ನಾಲ್ಕಾಗಿ ಮಡಿಸಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಡಾಕ್ಟರು ಓದಿ, "ಓದಿದೋರು ನೀವು, ನಿಮಗೆ ಬುದ್ಧಿ ಬೇಡ್ವಾ ಸ್ವಾಮಿ?" ಎಂದರು. ಕೌಂಟರಿನಾಚೆ ಕೂತು ಊರಿಗೆಲ್ಲ ಪ್ರಶ್ನೆ ಕೇಳಿದ ಮನುಷ್ಯ ಅಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಲೇಸರ್, ಆಪರೇಷನ್ ಎಲ್ಲಾ ಆಯಿತು. ಬಲಗಣ್ಣಿನಲ್ಲಿ ಅರ್ಧ ಉಳಿಯಿತು.

ಆ ಪುಡಿಯವರ ನಂಬರಿಗೆ ನಾನು ಎಷ್ಟು ಸಲ ಫೋನ್ ಮಾಡಿದೆನೋ. ಚಾಲ್ತಿಯಲ್ಲಿಲ್ಲ. ಡಬ್ಬಿಯ ಮೇಲಿದ್ದ ವಿಳಾಸಕ್ಕೆ ಬರೆದ ಕಾಗದ ವಾಪಸ್ ಬಂತು. ಸುದ್ದಿಯ ಪುಟದವರಿಗೆ ಬರೆದರೆ, ಜಾಹೀರಾತುಗಳನ್ನು ನಾವು ಆರಿಸುವುದಿಲ್ಲ, ಅವು ಬೇರೆ ಕಡೆಯಿಂದ ತಾವಾಗೇ ಬರುತ್ತವೆ ಎಂದು ಎರಡು ಸಾಲಿನ ಉತ್ತರ. ಹಾಳಾದವರು. ಮನೆಯ ಗೋಡೆ ಬಾಡಿಗೆಗೆ ಕೊಟ್ಟು, ಅದರ ಮೇಲೆ ಯಾರು ಏನು ಬರೆದರೋ ನಮಗೆ ಗೊತ್ತಿಲ್ಲ ಅನ್ನುವವರು. ಇಷ್ಟಕ್ಕೇ ಮುಗಿಯಲಿಲ್ಲ. ಅಮ್ಮನ ಕಣ್ಣಿನ ವಿಷಯವನ್ನು ಅತ್ತೆಯ ಮಗಳಿಗೆ ಮೇಲ್ ಬರೆದೆ. ಅವಳ ಉತ್ತರ ತೆರೆದರೆ ಅದರ ಪಕ್ಕದಲ್ಲೇ ಜಾಹೀರಾತು: ಕಳೆದ ದೃಷ್ಟಿ ಮರಳಿ ಪಡೆಯಿರಿ, ಆಪರೇಷನ್ ಇಲ್ಲದೆ. ನನ್ನ ಕಾಗದ ಓದಿ, ನನ್ನ ಅಮ್ಮನ ಕಣ್ಣು ಹೋದದ್ದು ತಿಳಿದು, ಇನ್ನೊಂದು ಡಬ್ಬಿ ಹಿಡಿದು ಬಂದು ನಿಂತಿದ್ದರು. ಎದುರಿಗೆ ಮನುಷ್ಯ ಅಂತ ಒಬ್ಬ ಇದ್ದಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ. ಬಾರಿಸಲು ಯಾರೂ ಇರಲಿಲ್ಲ.

ಅಪ್ಪ ಒಂದು ತಿಂಗಳು ಕಂಪ್ಯೂಟರ್ ಮುಟ್ಟಲಿಲ್ಲ. ಒಂದು ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ಆಫೀಸಿಗೆ ಹೋಗ್ಬರೋಣ ಬಾ" ಎಂದು ನನ್ನನ್ನು ಕರೆದರು. ಕೈಯಲ್ಲಿ ಅವರೇ ಗುಂಡಗೆ ಬರೆದ ಒಂದು ಚೀಟಿ. ಅದೊಂದು ಜಾಹೀರಾತು: ಆ ಪುಡಿಯ ಹೆಸರು, ಅದನ್ನು ನಂಬಿ ನನ್ನ ಹೆಂಡತಿ ಕಣ್ಣು ಕಳೆದುಕೊಂಡಿದ್ದಾಳೆ, ಯಾರೂ ತರಿಸಬೇಡಿ, ಕೆಳಗೆ ಅಪ್ಪನ ಹೆಸರು, ಮನೆಯ ವಿಳಾಸ.

ಕೌಂಟರಿನಲ್ಲಿದ್ದವರು ಅಪ್ಪನ ಕೈಕೆಳಗೇ ಕೆಲಸ ಕಲಿತವರು. ಎದ್ದು ನಿಂತು ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಚೀಟಿಯನ್ನು ಎರಡು ಸಲ ಓದಿದರು.

"ಸಾರ್, ತಪ್ಪು ತಿಳ್ಕೋಬೇಡಿ. ಹೆಸರು ಎತ್ತಿ ಹೇಳೋದಕ್ಕೆ ದಾಖಲೆ ಬೇಕಾಗುತ್ತೆ. ಪುಡಿಯಿಂದಲೇ ಆಯ್ತು ಅಂತ ಡಾಕ್ಟ್ರು ಬರ್ಕೊಟ್ಟಿದಾರಾ?"

"ಇಲ್ಲ."

"ಹೆಸರು ತೆಗ್ದು ಹಾಕೋಣ್ವಾ ಸಾರ್?"

"ಹೆಸರು ತೆಗೆದ್ರೆ ಏನುಳಿಯುತ್ತಪ್ಪ ಅದರಲ್ಲಿ?" ಎಂದರು ಅಪ್ಪ.

ನನಗೆ ತಡೆಯಲಾಗಲಿಲ್ಲ. "ಸುಳ್ಳು ಹೇಳಿದೋರನ್ನ ಯಾರೂ ಕೇಳ್ಲಿಲ್ಲ, ನಿಜ ಹೇಳೋಕ್ ಬಂದೋರ ಹತ್ರ ದಾಖಲೆ ಕೇಳ್ತೀರಾ?" ಎಂದು ಕೂಗಿಬಿಟ್ಟೆ. ಆಫೀಸಿನವರೆಲ್ಲ ತಿರುಗಿ ನೋಡಿದರು. ಅಪ್ಪ ನನ್ನ ಮೊಣಕೈ ಹಿಡಿದು, "ಅವನು ಸರಿಯಾಗೇ ಮಾಡ್ತಿದಾನೆ. ನಾನಾಗಿದ್ರೂ ಪಾಸ್ ಮಾಡ್ತಿರಲಿಲ್ಲ. ಬಾ" ಎಂದರು. ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಮನೆಗೆ ಬಂದಾಗ ಅಮ್ಮ ಹಜಾರದಲ್ಲಿ ಕೂತು ಕೈಯಲ್ಲೇ ತಡವುತ್ತಾ ಅವರೆಕಾಯಿ ಸುಲಿಯುತ್ತಿದ್ದಳು. "ಜಾಹೀರಾತು ತಗೊಂಡ್ರಾ?" ಎಂದು ಕೇಳಿದಳು. ಅಷ್ಟು ದಿನ ತಡೆದಿದ್ದದ್ದು ನನ್ನ ಬಾಯಿಂದ ಬಂದೇ ಬಂತು. ಪುಡಿಯವರನ್ನು ಬೈದೆ, ಪುಟದವರನ್ನು ಬೈದೆ, ಕೌಂಟರಿನವರನ್ನೂ ಬಿಡಲಿಲ್ಲ. ಕೊನೆಗೆ ಅಪ್ಪನ ಕಡೆ ತಿರುಗಿ, "ಬೋಳುತಲೆಯವನನ್ನ ವಾಪಸ್ ಕಳಿಸಿದೋರು ನೀವು, ಇದನ್ನ ಹೇಗಪ್ಪ ನಂಬಿದ್ರಿ?" ಎಂದೆ.

ಅಮ್ಮ ಮೊರ ಪಕ್ಕಕ್ಕಿಟ್ಟಳು.

"ಅವರನ್ನ ಯಾಕೆ ಅಂತೀಯ? ನಾನೇನು ಆ ಜಾಹೀರಾತು ನೋಡಿದ್ನಾ, ಅದರಲ್ಲಿ ಏನಿತ್ತೋ ನಂಗೇನು ಗೊತ್ತು. ಮಾತ್ರೆ ಬಿಡೋದಕ್ಕೆ ನಂಗೂ ಭಯ ಇತ್ತು ಕಣೆ. ಮೂವತ್ತು ವರ್ಷದಲ್ಲಿ ಒಂದು ಸುಳ್ಳು ಜಾಹೀರಾತಿಗೂ ಸಹಿ ಹಾಕಿದೋರಲ್ಲ ನಿಮ್ಮಪ್ಪ. ಅವರೇ ಕೊಡ್ತಿದಾರೆ ಅಂದ್ಮೇಲೆ ಸರಿಯಾಗೇ ಇರುತ್ತೆ ಅಂತ ಕುಡಿದೆ."

ಅಮ್ಮ ಆ ಮಾತನ್ನು ಅಪ್ಪನ ಪರವಾಗಿ ಆಡಿದಳು. ನನ್ನ ಬಾಯಿ ಮುಚ್ಚಿಸಲು ಆಡಿದಳು. ಅಂಗಿಯ ಗುಂಡಿ ಬಿಚ್ಚುತ್ತಿದ್ದ ಅಪ್ಪ ಬಿಚ್ಚುವುದನ್ನು ನಿಲ್ಲಿಸಿ, ಇದ್ದಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಅಮ್ಮನಿಗೆ ಅದು ಕಾಣಿಸಲಿಲ್ಲ. ಅವಳು ಮತ್ತೆ ಮೊರ ಎಳೆದುಕೊಂಡು ಸುಲಿಯತೊಡಗಿದಳು.

ನಾನು ಹೋಗಿ ಕಂಪ್ಯೂಟರ್ ಹಾಕಿ, ಅಂದು ಅಪ್ಪ ಹೇಳಿದರೆಂದು ತೆಗೆದಿದ್ದ ಆಡ್ ಬ್ಲಾಕರನ್ನು ಮತ್ತೆ ಹಾಕಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.