ಅರ್ಧ ಕಚ್ಚುವ ಸೊಳ್ಳೆಗಳು

ಮೇದಿನಿ ಗದಗದವಳು. ರೈಲ್ವೆಯಲ್ಲಿದ್ದ ಗಂಡನಿಗೆ ವಡೋದರಕ್ಕೆ ವರ್ಗವಾದಾಗ ಜೊತೆಗೆ ಬಂದು, ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ತುಕ್ಕು ಹಿಡಿಯದಿರಲೆಂದು ಜ್ವರ ಮುನ್ನೋಟ ಕೋಶವೆಂಬ ಕಚೇರಿಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದಳು. ಮಳೆ, ಸೆಕೆ, ಹಿಂದಿನ ವರ್ಷಗಳ ರೋಗಿಗಳ ಲೆಕ್ಕ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ, ಡೆಂಗಿ ಎಲ್ಲಿ ಯಾವಾಗ ಏಳುತ್ತದೆಂದು ಮೊದಲೇ ಹೇಳುವುದು ಅವಳ ಕೆಲಸ. ಕೇಳಿಸಿಕೊಳ್ಳುವುದು ಮೇಲಿನವರ ಕೆಲಸ. ಅದನ್ನು ಅವರಿನ್ನೂ ಶುರುಮಾಡಿರಲಿಲ್ಲ.

ಆ ಆಗಸ್ಟಿನಲ್ಲಿ ಅವಳ ಮುನ್ನೋಟದ ಗೆರೆ, ಅವಳಿದ್ದ ಬಡಾವಣೆಯಾದ ಮಂಜಲ್‌ಪುರದ ಮೇಲೆ ಗೋಡೆಯಂತೆ ಎದ್ದು ನಿಂತಿತು. ನವರಾತ್ರಿಯ ಹೊತ್ತಿಗೆ ನಾನೂರು ಮಂದಿ ಹಾಸಿಗೆ ಹಿಡಿಯುತ್ತಾರೆ. ಅರ್ಧಕ್ಕೆ ನಿಂತ ಒಂಬತ್ತು ಕಟ್ಟಡಗಳ ನೆಲಮಾಳಿಗೆಯಲ್ಲಿ ನಿಂತ ಮಳೆನೀರನ್ನು ತೆಗೆಸಿದರೆ ಬಹುಪಾಲು ತಪ್ಪುತ್ತದೆ.

ಕೋಶದ ಮುಖ್ಯಸ್ಥರು ಮೈಸೂರಿನ ಶೇಷಾದ್ರಿ. ವರದಿ ನೋಡಿ ಅವರ ಮುಖ ಹುಳ್ಳಗಾಯಿತು.

“ಗರ್ಬಾ ಕುಣಿತದ ಟೈಮಲ್ಲಿ ನಾನೂರು ಅಂತ ಮೇಲಕ್ಕೆ ಹೇಗಮ್ಮ ಕಳಿಸೋದು? ಗೆರೆ ಸ್ವಲ್ಪ ತಗ್ಗಿಸಿ.”

“ತಗ್ಗಸ್ತೀನ್ರಿ ಸರ್. ಆದ್ರ ಸೊಳ್ಳಿಗೆ ಯಾರು ಹೇಳಾವ್ರು?”

“ಯಾವುದಾದ್ರೂ ಒಂದು ಊಹೆ ಬದಲಾಯಿಸಿ. ಎಲ್ಲಾ ಅಂದಾಜೇ ತಾನೇ?”

ಮೇದಿನಿ ಬದಲಾಯಿಸಿದಳು. ಮುಚ್ಚಿಡಲಿಲ್ಲ, ‘ಮುಖ್ಯಸ್ಥರ ಸೂಚನೆಯಂತೆ, ಇದೇ ತಿಂಗಳಿನಿಂದ ಸೊಳ್ಳೆಗಳು ಮೊದಲಿನ ಅರ್ಧದಷ್ಟೇ ಕಚ್ಚುತ್ತವೆಂದು ಭಾವಿಸಿದೆ’ ಎಂದು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಳು. ಯಾರಾದರೂ ಓದಿ ನಕ್ಕು ವಾಪಸು ಕಳಿಸುತ್ತಾರೆಂದು ಕಾದಳು. ಆರು ಜನ ಸಹಿ ಹಾಕಿದರು. ರೋಗ ಹತ್ತುವ ಕಚ್ಚು, ಹರಡುವ ಕಚ್ಚು ಎರಡೂ ಅರ್ಧವಾಗಿ ಗೆರೆ ನಾನೂರರಿಂದ ನೂರಕ್ಕಿಳಿಯಿತು. ಸೊಳ್ಳೆ ಕೊಲ್ಲುವ ಹೊಗೆಯಂತ್ರ ಮಂಜಲ್‌ಪುರ ಬಿಟ್ಟು ಸಾಹೇಬರ ಬಂಗಲೆಗಳ ಕಡೆ ಹೊರಟುಹೋಯಿತು.

ಕಾಗದದ ಮೇಲೆ ನೂರಾದ ಆ ನಾನೂರರಲ್ಲಿ ತನ್ನ ಓಣಿಯ ಮಕ್ಕಳೂ ಇದ್ದಾರೆಂಬುದು ಅವಳಿಗೆ ಗೊತ್ತಿತ್ತು. ಭಾನುವಾರ ಪಕ್ಕದ ಮನೆಯ ಹಂಸಾಬೆನ್ ಎದುರು ನಕಾಶೆ ಹರವಿ, ತನ್ನ ಹರಕು ಗುಜರಾತಿಯಲ್ಲಿ ಎಲ್ಲವನ್ನೂ ಹೇಳಿದಳು.

“ಇಷ್ಟೇನಾ? ಬಾ ಬೇಟಾ,” ಎಂದು ಹಂಸಾಬೆನ್ ಸೆರಗು ಸಿಕ್ಕಿಸಿಕೊಂಡರು. ಭಜನಾ ಮಂಡಳಿಯ ಹದಿನಾಲ್ಕು ಹೆಂಗಸರು ಆ ಕಟ್ಟಡಗಳ ಕಾವಲುಗಾರರನ್ನು ಗದರಿಸಿ ಪಂಪು ಹಚ್ಚಿಸಿದರು. ಎರಡು ವಾರದಲ್ಲಿ ಏಳು ನೆಲಮಾಳಿಗೆ ಒಣಗಿದವು. ಉಳಿದೆರಡಕ್ಕೆ, ನೀರಿನಲ್ಲಿರುವ ಸೊಳ್ಳೆಮರಿಗಳು ಉಸಿರುಗಟ್ಟಿ ಸಾಯಲೆಂದು, ಗ್ಯಾರೇಜಿನ ಹಳೇ ಎಣ್ಣೆ ಸುರಿದರು.

ಆ ನವರಾತ್ರಿಯಲ್ಲಿ ಜ್ವರ ಬಂದದ್ದು ತೊಂಬತ್ತೆರಡು ಮಂದಿಗೆ.

“ನೋಡಿದ್ರಾ? ನಿಮ್ಮ ನಾನೂರೆಲ್ಲಿ, ನನ್ನ ನೂರೆಲ್ಲಿ!” ಎಂದರು ಶೇಷಾದ್ರಿ. ಮೇದಿನಿ ಪಂಪಿನ ಕಥೆ ಹೇಳಿದಳು. “ಅದೆಲ್ಲ ವರದಿಯಲ್ಲಿಲ್ಲವಲ್ಲಮ್ಮ,” ಎಂದರು. ಅವರಿಗೆ ಪ್ರಶಸ್ತಿ ಪತ್ರ ಬಂತು. ಅವಳಿಗೆ, ಜನರನ್ನು ವೃಥಾ ಹೆದರಿಸಬಾರದೆಂಬ ಎಚ್ಚರಿಕೆಯ ಪತ್ರ ಬಂತು. ಜೊತೆಗೆ, ‘ಅರ್ಧಕಚ್ಚು ಪದ್ಧತಿ’ಯನ್ನು ಸೂರತ್ತಿನ ಶಾಖೆಯವರಿಗೂ ಕಲಿಸಿ ಬರಬೇಕೆಂಬ ಆದೇಶ.

ಸೂರತ್ತಿನ ತರಗತಿಯಲ್ಲಿ ಧನುಶ್ರೀ ಎಂಬ ಹೊಸ ಹುಡುಗಿ ಎದ್ದು ನಿಂತಳು. “ಮೇಡಂ, ಸೊಳ್ಳೆ ಅರ್ಧ ಕಚ್ಚೋ ಹಾಗೆ ಮಾಡೋದು ಹೇಗೆ?”

ಮೇದಿನಿಗೆ ಎಷ್ಟೋ ದಿನಗಳ ಮೇಲೆ ನಗು ಬಂತು. “ಬರ್ರಿ, ತೋರಸ್ತೀನಿ,” ಎಂದು ಇಡೀ ತರಗತಿಯನ್ನು ಎದುರಿನ ಅರ್ಧಕ್ಕೆ ನಿಂತ ಕಟ್ಟಡದ, ನೀರು ತುಂಬಿದ ಹಳ್ಳಕ್ಕೆ ಇಳಿಸಿದಳು. ಸಂಜೆಯೊಳಗೆ ಅದರ ನೀರು ಖಾಲಿಯಾಯಿತು.

ತರಬೇತಿ ಪಠ್ಯದಂತೆ ನಡೆಯಲಿಲ್ಲವೆಂದು ದೂರು ಹೋಯಿತು. ಆದರೆ ಕಂಪ್ಯೂಟರಿನ ಆ ಲೆಕ್ಕ ಬೇರೆ ಯಾರಿಗೂ ಬಾರದ್ದರಿಂದ, ಅವಳ ಗುತ್ತಿಗೆ ಇನ್ನೂ ಹನ್ನೊಂದು ತಿಂಗಳು ಮುಂದುವರಿಯಿತು.